ಗಂಗಮ್ಮನ ತೀರ್ಥ

೨೦೨೫ರ ಜುಲೈ ೧೪, ಬೆಳಿಗ್ಗೆ ೧೧.೨೦. ಸುರಪುರದ ಕೋರ್ಟಿನ ಬೇವಿನ ನೆರಳಿನಲ್ಲಿ, ನನ್ನ ಪಕ್ಕದ ಕಟ್ಟೆಯ ಮೇಲೆ ಟಂಟಂ ಆಟೋ ಓಡಿಸುವ ದೇವು ಮತ್ತು ಅವನ ಅಕ್ಕ ಭಾರತಿ ಕುಳಿತಿದ್ದರು. ಕುಡಿದು ಗಾಡಿ ಓಡಿಸಿದ ಕೇಸು. ಎಲೆಗಳ ನೆರಳು ಅವರ ಕಾಲಿನ ಮೇಲೆ ಮೆಲ್ಲಗೆ ತೇಲುತ್ತಿತ್ತು.

"ಮಾವನ ಹೊಸ ದೋಣಿ ಹೊಳಿಗಿ ಇಳಿಸಿದಾಗ ಗಂಗಮ್ಮಗ ಎಡಿ ಇಟ್ಟ ಸೆರಿ ಅಕ್ಕ, ನಾ ಕುಡಿದದ್ದು. ತೀರ್ಥ ತಗೊಂಡೀನಿ ಅಂತ ಹೇಳು ಅಂದಾರ ವಕೀಲರು."

"ತೀರ್ಥ ಅಂಗೈಯಾಗ ತಗೋತಾರ. ನೀ ಚರಿಗ್ಯಾಗ ತಗೊಂಡಿ."

"ವಾಪಸ್ ಬರೂಮುಂದ ರೋಡೇ ಹೊಳಿಹಂಗ ಹರಿಯಾಕತ್ತಿತ್ತು. ಗಾಡಿ ತೇಲಿಕೋತ ಹೊಂಟಿತ್ತು. ಭಾಳ ಚಂದಿತ್ತು."

"ಹಿಂದ ನನ್ನ ಮಗಳು ಕುಂತಿದ್ಲು."

ದೇವು ತೇಲುವ ನೆರಳಿನಿಂದ ಕಾಲು ಹಿಂದಕ್ಕೆ ಎಳೆದುಕೊಂಡ.

"ತಪ್ಪು ಒಪ್ಪಿಕೊಂಡ್ರ ಲೈಸೆನ್ಸ್ ಹೋಗ್ತದ."

"ಹೋದ್ರ ಮಾವನ ದೋಣ್ಯಾಗ ಮೀನ ಹಿಡಿಯೋ ಬಲಿ ಎಳಿ. ಗಂಗಮ್ಮನ್ನ ಮಾತ್ರ ಸಾಕ್ಷಿಗಿ ಕರೀಬ್ಯಾಡ. ಆಕಿ ನಿನ್ನ ಕಡಿ ಹೇಳಂಗಿಲ್ಲ."

ಜವಾನ ಹೆಸರು ಕೂಗಿದ.

"ಬಾ ಅಕ್ಕ. ತಪ್ಪಾಗ್ಯಾದ ಅಂತೇ ಹೇಳ್ತೀನಿ."

ಇಬ್ಬರೂ ಒಳಗೆ ಹೋದರು. ತೆರೆದ ಕಿಟಕಿಯಿಂದ ಯಾರೋ ವರದಿ ಓದುವುದು ಕೇಳಿಸಿತು. ನೂರು ಮಿಲಿಲೀಟರ್ ರಕ್ತದಲ್ಲಿ ಮದ್ಯದ ಮಿತಿ ಮೂವತ್ತು ಮಿಲಿಗ್ರಾಂ, ದೇವುವಿನದು ತೊಂಬತ್ತೆರಡು.