ಆರಡಿ ಉದ್ದದ ಮಡಿ

ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅಕ್ಕ, ತಮ್ಮ ಕೂತಿದ್ದರು. ಅವನು ಚೀಲದಿಂದ ಹೀರೇಕಾಯಿಗಳನ್ನು ಒಂದೊಂದಾಗಿ ತೆಗೆದು ಅಕ್ಕನ ಮಡಿಲಿಗೆ ಹಾಕುತ್ತಿದ್ದ. ಅವಳು ಒಂದೊಂದಾಗಿಯೇ ಅವನ್ನು ಬೆಂಚಿನ ಮೇಲೆ ನನ್ನ ಕಡೆಗೆ ಸರಿಸುತ್ತಿದ್ದಳು. ಕುಷ್ಟಗಿ ಬಸ್ ನಿಲ್ದಾಣದಲ್ಲಿ ನಾನು ಗಂಗಾವತಿ ಬಸ್ಸಿಗೆ ಕಾಯುತ್ತಿದ್ದೆ, ಅವಳು ಹನುಮಸಾಗರದ್ದಕ್ಕೆ.

"ನನ್ನ ಮಡಿಯಾಗಿನ ಮೊದಲ್ನೇ ಬೆಳಿ, ಅಕ್ಕಾ. ಹುಳದ ಎಣ್ಣಿ ಹೊಡದಿಲ್ಲ."

"ಅಂಗಳದಾಗ ಕಟ್ಟಿಗಿ ಹುಗದು ಮ್ಯಾಲೆ ಮಣ್ಣು ಏರ್ಸಿದಿ, ಹೌದಿಲ್ಲೊ?"

"ಕೃಷಿ ತರಬೇತ್ಯಾಗ ಹಂಗ ಕಲಿಸಿದ್ರು. ಕಟ್ಟಿಗಿ ಕೊಳತು ಬ್ಯಾಸಗ್ಯಾಗೂ ತೇವ ಹಿಡಿತೈತಿ."

"ಆರಡಿ ಉದ್ದ, ಮೂರಡಿ ಅಗಲ. ಸುತ್ತ ಕಲ್ಲು ಬ್ಯಾರೆ. ಅದು ಮಡಿ ಅಲ್ಲೊ ತಮ್ಮಾ, ಸಮಾಧಿ."

"ನಂಗೂ ಗೊತ್ತಾತು ಬಿಡು. ಅಮಾಸಿ ದಿನ ಯಾರೊ ಕಾಯಿ ಒಡದು ಊದಿನಕಡ್ಡಿ ಹಚ್ಚಿ ಹೋಗಿದ್ರು. ನಾ ಜಾಣ, ಕಾಯಿ ಚಟ್ನಿ ಮಾಡ್ಕೊಂಡೆ."

"ನಿನ್ನ ಹೇಂತಿ ಸುಮಂಗಲಾ ಏನಂತಾಳ?"

"ಈ ಹೀರಿಕಾಯಿ ಒಲಿ ಮ್ಯಾಲೆ ಇಡಂಗಿಲ್ಲ ಅಂತಾಳ. ಓಣ್ಯಾಗ ಹಂಚಿದೆ, ಎಲ್ಲಾ ವಾಪಸ್ ಬಂದ್ವು. ಒಬ್ಬಾಕಿ 'ಯಾರ್ ಹೋದ್ರೋ ಯಪ್ಪಾ' ಅಂತ ಅಳಕೋತ ಬಂದ್ಲು. ನಾ ಬದುಕಿದ್ದು ನೋಡಿ ಆಕಿಗೇ ಬ್ಯಾಸರಾತು."

"ಅಳೂದು ವ್ಯರ್ಥ ಆತಲ್ಲೊ, ಪಾಪ!"

"ನಗಬ್ಯಾಡ. ನೀ ಒಬ್ಬಾಕಿ ಒಯ್ದು ತಿಂದ್ರ ಮಡಿ ಉಳಿತೈತಿ. ಇಲ್ಲಂದ್ರ ಸುಮಂಗಲಾ ನಾಳಿ ಅದನ್ನ ಸಪಾಟ ಮಾಡಸ್ತಾಳ."

ಹನುಮಸಾಗರದ ಬಸ್ಸು ಬಂತು. ಅಕ್ಕ ಎದ್ದು ಸೆರಗು ಝಾಡಿಸಿದಳು.

"ಬೇಕಾದ್ರ ಬಂದು ಕೈ ಮುಗಿತೀನೊ. ತಿನ್ನಾಕ ಆಗಂಗಿಲ್ಲ."

ಅವಳು ಬಸ್ಸು ಹತ್ತಿದಳು. ಅವನು ಎಲ್ಲಕ್ಕಿಂತ ಎಳೆಯ ಕಾಯಿಯನ್ನು ಆರಿಸಿ ನನ್ನತ್ತ ಚಾಚಿದ.

"ನೀವರ ಒಯ್ರಿ, ಸರ. ನೀವು ಓದಿದವರು."

ಅಷ್ಟು ಹೊತ್ತೂ ಅವನಕ್ಕನ ಮೂಢನಂಬಿಕೆಗೆ ಒಳಗೊಳಗೇ ನಗುತ್ತಿದ್ದ ನಾನು, "ಬ್ಯಾಡ್ರಿ" ಎಂದೆ.