ಮೂರನೆಯ ತಂತಿ

ಇದು ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಕರ್ಟ್ ನೀಮಿಗೆ ಆದದ್ದು. ಅವರಿವರ ಬಾಯಿಂದ ಕೇಳಿದ ಮಾತಲ್ಲ. ಅವನ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಆ ಗೋಡೆಯ ತೂತಿಗೆ ನಾನೇ ಬೆರಳು ಹಾಕಿ ನೋಡಿದ್ದೇನೆ.

ಹೋದ ವರ್ಷ ಜನವರಿ, ಒಂದು ಬುಧವಾರ. ನಮ್ಮ ಮಿನೆಸೋಟಾದ ಲೆಕ್ಕದಲ್ಲಿ ನೀರು ಹೆಪ್ಪುಗಟ್ಟುವುದು ಮೂವತ್ತೆರಡು ಡಿಗ್ರಿಗೆ. ಆ ರಾತ್ರಿ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿತ್ತು. ಮೂಗಿನೊಳಗಿನ ಕೂದಲು ಸೂಜಿಯ ಹಾಗೆ ಚುಚ್ಚುತ್ತದೆ ಅಂಥ ಚಳಿಯಲ್ಲಿ. ಆ ಹೊತ್ತಿನಲ್ಲಿ ಕರ್ಟ್ ಹಳೇ ಗಣಿಗುಂಡಿಯ ಬೇಲಿಗುಂಟ ಒಬ್ಬನೇ ಮನೆಗೆ ಬರುತ್ತಿದ್ದ. ನಡೆಯುತ್ತಿದ್ದ ಅಂದರೆ ತಪ್ಪಾದೀತು... ಅರ್ಧ ಓಡುತ್ತಿದ್ದ.

ಆ ಗುಂಡಿಯಿಂದ ಕಬ್ಬಿಣದ ಅದಿರು ತೆಗೆದು ಮುಗಿದು ಐವತ್ತು ವರ್ಷವಾಯಿತು. ಈಗ ನೀರು ತುಂಬಿದೆ, ಮುನ್ನೂರು ಅಡಿ ಆಳ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆಯ ಹಾಸು. ಚಳಿ ಏರಿದ ರಾತ್ರಿ ಆ ಹಾಸು ಸುಮ್ಮನಿರುವುದಿಲ್ಲ. ಮೊದಲು ಆಳದಲ್ಲಿ ಗೂಂ... ಅನ್ನುತ್ತದೆ. ಆಮೇಲೆ ಈ ದಡದಿಂದ ಆ ದಡಕ್ಕೆ ಪಿಯ್ಯೂಂ... ಅಂತ ಬಿರುಕು ಓಡುತ್ತದೆ. ನಮ್ಮೂರಲ್ಲಿ ಕತ್ತಲಾದ ಮೇಲೆ ಆ ದಾರಿ ಹಿಡಿಯುವವರಿಲ್ಲ. ಕರ್ಟ್‌ಗೆ ಬೇರೆ ಗತಿಯಿರಲಿಲ್ಲ.

ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅವನ ಮಗಳು ಎಲ್ಸಿ ಏಳು ವಾರ ಮೊದಲೇ ಹುಟ್ಟಿದವಳು. ಅಂಗೈಯಲ್ಲಿ ಹಿಡಿಸುವಷ್ಟು ಕೂಸು. ಕ್ರಿಸ್‌ಮಸ್ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ನರ್ಸ್ ಒಂದೇ ಮಾತು ಹೇಳಿದ್ದಳು: ಕೋಣೆಯ ಬಿಸಿ ಎಪ್ಪತ್ತೆರಡು ಡಿಗ್ರಿಗಿಂತ ಇಳಿಯಬಾರದು, ಈ ಮೈಗೆ ತನ್ನನ್ನು ತಾನು ಬೆಚ್ಚಗಿಟ್ಟುಕೊಳ್ಳಲು ಇನ್ನೂ ಬರುವುದಿಲ್ಲ. ಕರ್ಟ್‌ಗೆ ಅದಿರಿನ ಕಾರ್ಖಾನೆಯಲ್ಲಿ ಮಧ್ಯಾಹ್ನ ಮೂರರಿಂದ ರಾತ್ರಿ ಹನ್ನೊಂದರ ಪಾಳಿ. ಅಲ್ಲಿ ನಿಂತರೂ ಅವನ ಜೀವವೆಲ್ಲ ಮನೆಯ ಬಿಸಿ ಏರಿಳಿಸುವ, ಗೋಡೆಯ ಮೇಲಿನ ಥರ್ಮೋಸ್ಟಾಟಿನಲ್ಲೇ.

ಆ ಥರ್ಮೋಸ್ಟಾಟ್ ಹಳೇ ಕಾಲದ್ದು, ಗುಂಡಗೆ, ಹಿತ್ತಾಳೆಯ ಬಣ್ಣದ್ದು. ಮನೆಯ ಹಿಂದಿನ ಯಜಮಾನ ಸುಲೋ ಹಕಲಾ ಹಾಕಿಸಿದ್ದು. ಪಕ್ಕದಲ್ಲಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅವನೇ ಬರೆದಿದ್ದ: '72. ಮುಟ್ಟಬೇಡಿ.' ಸುಲೋ ಸತ್ತು ಮೂರು ವರ್ಷವಾಗಿತ್ತು. ಕರ್ಟ್ ಆ ಮನೆ ಕೊಂಡಾಗ ನೆಲಮಾಳಿಗೆಯಲ್ಲಿ ಮುದುಕನ ಊಟದ ಡಬ್ಬಿಯೂ ಸಿಕ್ಕಿತ್ತು. ಒಂದು ಕಡೆ ನೆಗ್ಗಿದ ತಗಡಿನ ಡಬ್ಬಿ, ಕೆಂಪು ಬಣ್ಣದಲ್ಲಿ ಎಸ್. ಹೆಚ್. ಎಂಬ ಎರಡು ಅಕ್ಷರ. ಕರ್ಟ್ ಅದರಲ್ಲಿ ಸ್ಕ್ರೂ ತುಂಬಿಟ್ಟಿದ್ದ.

ಫೋನಿನಲ್ಲೇ ಮನೆಯ ಬಿಸಿ ನೋಡಬಹುದಾದ, ಕೂತಲ್ಲಿಂದಲೇ ಏರಿಸಬಹುದಾದ ಸ್ಮಾರ್ಟ್ ಥರ್ಮೋಸ್ಟಾಟ್ ಒಂದನ್ನು ಕರ್ಟ್ ಕೊಂಡು ತಂದ. ಆ ಬುಧವಾರದ ಹಿಂದಿನ ಶನಿವಾರ, ನೆಲಮಾಳಿಗೆಯಿಂದ ಮನೆಗೆಲ್ಲ ಬಿಸಿನೀರು ಹರಿಸುವ ಬಾಯ್ಲರ್ ತೊಳೆಯಲು ಬಂದಿದ್ದ ಫ್ರಾಂಕ್ ಮುಹಿಚ್ ಮೇಜಿನ ಮೇಲಿದ್ದ ಪೆಟ್ಟಿಗೆ ನೋಡಿದ. ಊರಿನ ಅರ್ಧ ಮನೆಗಳು ಬೆಚ್ಚಗಿರುವುದು ಫ್ರಾಂಕ್‌ನ ಕೈಯಿಂದಲೇ. ಬಾಯಿ ಮಾತ್ರ ಸ್ವಲ್ಪ ಖಾರ.

"ಎಷ್ಟು ತಂತಿ ಅಂತ ನೋಡ್ಕೊಂಡು ತಂದ್ಯಾ ಇದನ್ನ?"

"ಎಲ್ಲಾ ಮನೆಗೂ ಆಗುತ್ತೆ ಅಂತ ಪೆಟ್ಟಿಗೆ ಮೇಲೆ ಬರ್ದಿದೆಯಲ್ಲ."

"ಬೂಟು ಕೊಳ್ಳೋವಾಗ ಕಾಲು ನೋಡ್ಕೋತೀಯೋ, ಪೆಟ್ಟಿಗೆ ನೋಡ್ಕೋತೀಯೋ? ಮೊದ್ಲು ಬಾಯ್ಲರನ್ನ ಕೇಳ್ಬೇಕು ಮಾರಾಯ, ಆಮೇಲೆ ಅಂಗಡಿಯವನನ್ನ."

ಫ್ರಾಂಕ್ ಹಳೇ ಗುಂಡಗಿನದನ್ನು ಗೋಡೆಯಿಂದ ಬಿಡಿಸಿದ. ಹಿಂದೆ ಒಂದು ತೂತು. ಬಟ್ಟೆ ಸುತ್ತಿದ ಎರಡು ತಂತಿ, ಒಂದು ಕೆಂಪು, ಒಂದು ಬಿಳಿ. ತೂತಿನೊಳಗೆ ಟಾರ್ಚು ಬಿಟ್ಟು ನೋಡಿದ, ಬೆರಳು ಹಾಕಿ ತಡಕಿದ. ಎರಡೇ.

"ನೋಡು, ಹಳೇದಕ್ಕೆ ಕರೆಂಟೇ ಬೇಡ, ಅದಕ್ಕೆ ಎರಡು ಸಾಕು. ಇದರ ಹೊಟ್ಟೆಗೆ ಕರೆಂಟು ಬೇಕು. ಅದಕ್ಕೇ ಅಂತ ಮೂರನೇ ತಂತಿ ಇರ್ಬೇಕು. ಇಲ್ದಿದ್ರೆ ಬಾಯ್ಲರ್ ನಿಂತಾಗಲೆಲ್ಲ ಒಂದೊಂದು ಗುಟುಕು ಕದ್ದು ಕುಡಿಯುತ್ತೆ. ಚಳಿ ಜಾಸ್ತಿಯಾಗಿ ಬಾಯ್ಲರ್ ನಿಲ್ಲದೇ ಓಡ್ತಾ ಇದ್ರೆ ಎಲ್ಲಿಂದ ಕುಡಿಯುತ್ತೆ? ಒಳಗಿನ ಬ್ಯಾಟರಿ ಸಾಯುತ್ತೆ. ಅದರ ಹಿಂದೆ ಬಾಯ್ಲರೂ ನಿಲ್ಲುತ್ತೆ. ಅದೂ ಯಾವತ್ತು? ಎಲ್ಲಕ್ಕಿಂತ ಚಳಿ ಇರೋ ದಿನ."

"ಮತ್ತೇನ್ ಮಾಡೋದು ಫ್ರಾಂಕ್?"

"ಗುರುವಾರ ಬರ್ತೀನಿ, ಕೆಳಗಿಂದ ಹೊಸ ತಂತಿ ಎಳೀತೀನಿ. ಅಲ್ಲೀವರೆಗೆ ನಿನ್ನ ಕೈ ನಿನ್ನ ಜೇಬಲ್ಲಿರಲಿ."

ಹಳೆಯದನ್ನು ಮತ್ತೆ ಸಿಕ್ಕಿಸಿ ಹೋದ. ಅವನು ಹೋದ ಮೇಲೆ ಕರ್ಟ್‌ನ ಹೆಂಡತಿ ಬ್ರೆಂಡಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಕರ್ಟ್, ಅದನ್ನ ತೆಗೆಯೋದೇ ಬೇಡ. ಸುಲೋನ ಮೊದಲ ಮಗು ಈ ಮನೇಲೇ ಹೋಯ್ತಂತೆ. ಅವನು ರಾತ್ರಿ ಪಾಳೀಲಿದ್ದಾಗ ಬಾಯ್ಲರ್ ಆರಿಹೋಗಿತ್ತಂತೆ. ಆಮೇಲೆ ಸಾಯೋವರೆಗೂ ಅದನ್ನ ಇನ್ಯಾರಿಗೂ ಮುಟ್ಟೋಕೆ ಬಿಡ್ಲಿಲ್ವಂತೆ."

"ಈಗ ಮುಟ್ಟಿದ್ರೆ ಏನ್ ಮಾಡ್ತಾನೆ? ಎದ್ದು ಬರ್ತಾನಾ?" ಅಂದ ಕರ್ಟ್.

ಆ ಮಾತು ಆಡಬಾರದಿತ್ತು. ಸೋಮವಾರ ಬೆಳಿಗ್ಗೆ ಹೊಸದನ್ನು ತಾನೇ ಗೋಡೆಗೆ ಹಾಕಿದ. ಕೆಲಸ ಮಾಡಿತು. ಹಳೆಯದರಲ್ಲಿ ಪಾದರಸವಿತ್ತು, ಅದನ್ನು ಕಸಕ್ಕೆ ಹಾಕುವ ಹಾಗಿಲ್ಲ. ಮಂಗಳವಾರ ಊರಾಚೆಯ ಸಂಗ್ರಹ ಕೇಂದ್ರಕ್ಕೆ ಕೊಟ್ಟು ಬಂದ. ಕಾರ್ಖಾನೆಯಲ್ಲಿ ಎಲ್ಲರಿಗೂ ಫೋನು ತೋರಿಸಿದ: ನೋಡ್ರೋ, ನನ್ನ ಮಗಳ ಕೋಣೆ, ಎಪ್ಪತ್ತೆರಡು! ಪಾಪ, ಅವನಿಗೆ ಎರಡು ದಿನ ನೆಮ್ಮದಿಯಿತ್ತು.

ಬುಧವಾರ ರಾತ್ರಿ ಒಂಬತ್ತೂ ಮುಕ್ಕಾಲಿಗೆ ಊಟದ ಬಿಡುವಿನಲ್ಲಿ ಫೋನು ತೆಗೆದ. 'ಸಂಪರ್ಕವಿಲ್ಲ. ಕೊನೆಯ ಬಾರಿ ಕಂಡದ್ದು 7:10.'

ಎರಡೂವರೆ ಗಂಟೆ... ಈ ಚಳಿಯಲ್ಲಿ.

ಬ್ರೆಂಡಾಗೆ ಫೋನು ಮಾಡಿದ. ಹೊಡೆದುಕೊಳ್ಳುತ್ತಲೇ ಇತ್ತು, ಎತ್ತಲಿಲ್ಲ. ಫ್ರಾಂಕ್‌ಗೆ ಮಾಡಿದ. ಆ ರಾತ್ರಿ ಊರೆಲ್ಲ ಫ್ರಾಂಕ್‌ನನ್ನೇ ಕರೆಯುತ್ತಿತ್ತು, ಅವನೂ ಎತ್ತಲಿಲ್ಲ. ನನಗೂ ಮಾಡಿದ್ದ, ನಾನು ಫೋನು ಕೆಳಗೇ ಬಿಟ್ಟು ಮಲಗಿಬಿಟ್ಟಿದ್ದೆ. ಕಾರಿನ ಹತ್ತಿರ ಓಡಿದ. ಇಲ್ಲಿ ಚಳಿಗಾಲದಲ್ಲಿ ಕಾರು ನಿಲ್ಲಿಸಿದಾಗ ಎಂಜಿನ್ ಬೆಚ್ಚಗಿರಲು ವಯರು ಎಳೆದು ಪ್ಲಗ್ಗಿಗೆ ಹಾಕುತ್ತೇವೆ. ಗೆಳೆಯರಿಗೆ ಫೋನು ತೋರಿಸುವ ಸಡಗರದಲ್ಲಿ ಅವತ್ತು ಅದನ್ನೇ ಮರೆತಿದ್ದ. ಕೀಲಿ ತಿರುಗಿಸಿದ. ಟಕ್... ಟಕ್... ಅಷ್ಟೇ. ಇನ್ನರ್ಧ ಗಂಟೆಗೆ ಟ್ರಕ್ ಬರುತ್ತೆ, ಅದರಲ್ಲಿ ಹೋಗುವೆಯಂತೆ, ತಡಿ ಅಂದ ಮೇಸ್ತ್ರಿ. ತಡೆಯಲು ಅವನಿಂದ ಆಗಲಿಲ್ಲ. ಗುಂಡಿಯ ದಾರಿಯಲ್ಲಿ ಮನೆಗೆ ಒಂದೂವರೆ ಮೈಲಿ.

ಅಂಥ ಚಳಿಯಲ್ಲಿ ಹಿಮ ಒಣಗಿರುತ್ತದೆ, ಹೆಜ್ಜೆಯಿಟ್ಟರೆ ಕಿರ್ರ್... ಕಿರ್ರ್... ಅನ್ನುತ್ತದೆ. ತನ್ನ ಹೆಜ್ಜೆಯ ಸದ್ದು ಕೇಳುತ್ತಲೇ ಓಡುತ್ತಿದ್ದ. ಗುಂಡಿಯ ತಿರುವಿನಲ್ಲಿ ಗೊತ್ತಾಯಿತು, ಸದ್ದು ಎರಡಿದೆ. ತನ್ನದರ ಹಿಂದೆ, ಅರೆಗಳಿಗೆ ತಡವಾಗಿ, ಇನ್ನೊಂದು. ಕಿರ್ರ್. ಕಿರ್ರ್. ನಡುವೆ ತಗಡಿನ ಹಿಡಿಕೆ ಅಲುಗುವ ಸಣ್ಣ ಕಿಣಿಕ್...

ನಿಂತ. ಅದೂ ನಿಂತಿತು.

ತಿರುಗಿ ನೋಡಿದ. ಬೇಲಿಯ ಪಕ್ಕ ಒಬ್ಬ ಮುದುಕ. ದಪ್ಪ ಬಟ್ಟೆಯ ಹಳೇ ಕೋಟು, ಕಿವಿ ಮುಚ್ಚುವ ಟೋಪಿ. ಕೈಯಲ್ಲಿ ಊಟದ ಡಬ್ಬಿ. ಡಬ್ಬಿ ಒಂದು ಕಡೆ ನೆಗ್ಗಿತ್ತು. ಕೆಂಪು ಅಕ್ಷರ ಎರಡೂ ಆ ಬೆಳದಿಂಗಳಲ್ಲಿ ಚೆನ್ನಾಗಿ ಕಾಣುತ್ತಿದ್ದವು. ಕರ್ಟ್‌ನ ಬಾಯಿಂದ ಬಿಳಿ ಉಗಿ ಮೋಡದಂತೆ ಬರುತ್ತಿತ್ತು. ಮುದುಕನ ಬಾಯಿಂದ ಏನೂ ಬರುತ್ತಿರಲಿಲ್ಲ.

"ಮಗು ಎಷ್ಟು ದಿನದ್ದು?" ಪಿಸುದನಿ.

ಕರ್ಟ್ ಅಂದ: "ಎರಡು... ತಿಂಗಳು."

"ತಂತಿ ಎಷ್ಟು?"

"ಎರಡು."

ಮುದುಕ ತಲೆಯಾಡಿಸಿದ. "ಮೂರು," ಅಂದ. "ಎಡಗಡೆ. ಬೆರಳು ಮೇಲಕ್ಕೆ ಮಡಚು. ನೀಲಿ."

ಗುಂಡಿಯಲ್ಲಿ ಮಂಜುಗಡ್ಡೆಯ ಹಾಸು ಗೂಂ... ಅಂದಿತು. ಕರ್ಟ್ ಬೆಚ್ಚಿ ಆ ಕಡೆ ನೋಡಿದ. ಈ ಕಡೆ ತಿರುಗಿದಾಗ ಬೇಲಿ ಇತ್ತು, ಬೆಳದಿಂಗಳು ಇತ್ತು. ಅಷ್ಟೇ. ಮನೆ ಮುಟ್ಟುವವರೆಗೆ ಅವನು ಮತ್ತೆ ಹಿಂದೆ ನೋಡಲಿಲ್ಲ. ಆ ಕಿಣಿಕ್ ಕಿಣಿಕ್ ಮಾತ್ರ ಅಂಗಳದವರೆಗೂ ಜೊತೆಗೇ ಬಂತು.

ಬಾಗಿಲು ತೆಗೆದ. ಮನೆಯೊಳಗೆ ಅವನ ಉಸಿರು ಉಗಿಯಾಯಿತು. ಬಿಸಿನೀರು ಹರಿಯುವಾಗ ಆ ಮನೆಯ ಪೈಪುಗಳು ಟಿಂಕ್... ಟಿಂಕ್... ಅನ್ನುತ್ತಿರುತ್ತವೆ, ಹಗಲೂ ರಾತ್ರಿ. ಈಗ ಏನೂ ಇಲ್ಲ. ಅಡುಗೆಮನೆಯ ಮೇಜಿನ ಮೇಲೆ ಬ್ರೆಂಡಾಳ ಫೋನು ಮಿಣುಕುತ್ತಿತ್ತು. ಮೆಟ್ಟಿಲು ಹಾರಿ ಮೇಲೆ ಹೋದ. ಮೂರು ರಾತ್ರಿಯಿಂದ ಕಣ್ಣು ಮುಚ್ಚದ ಬ್ರೆಂಡಾ ಮಗುವನ್ನು ತಬ್ಬಿ ಸತ್ತಂತೆ ಮಲಗಿದ್ದಳು. ಎಲ್ಸಿಯ ಕೆನ್ನೆ ಮುಟ್ಟಿದ. ತಣ್ಣಗಿತ್ತು.

"ಬ್ರೆಂಡಾ! ಏಳು... ಬ್ರೆಂಡಾ!"

ಎದ್ದವಳು ಮೊದಲು ಕೂಸನ್ನು ಅಲುಗಿಸಿದಳು. "ಇವಳು... ಇವಳ್ಯಾಕೆ ಅಳ್ತಿಲ್ಲ ಕರ್ಟ್? ಯಾಕೆ ಅಳ್ತಿಲ್ಲ?"

"ಬಟ್ಟೆಯೊಳಗೆ ಹಾಕ್ಕೋ. ಮೈಗೆ ಅಂಟಿಸ್ಕೋ. ಕಂಬಳಿ ಹೊದ್ಕೋ. ಬಂದೆ."

ಕೆಳಗೆ ಓಡಿದ. ಹೊಸ ಥರ್ಮೋಸ್ಟಾಟಿನ ಮುಖ ಕಪ್ಪಾಗಿತ್ತು. ಕಿತ್ತು ತೆಗೆದ. ಕೆಂಪು, ಬಿಳಿ. ಎರಡೇ. ತೂತಿನೊಳಗೆ ಬೆರಳು ತೂರಿಸಿದ. ಎಡಗಡೆ. ಮೇಲಕ್ಕೆ ಮಡಚಿದ...

ಏನೋ ತಗುಲಿತು.

ಉಗುರಿನಲ್ಲಿ ಎಳೆದ. ನೀಲಿ ತಂತಿ. ಈಗಷ್ಟೇ ಯಾರೋ ತುದಿ ಸುಲಿದು ಹೊಸೆದಿಟ್ಟ ಹಾಗೆ ತಾಮ್ರ ಹೊಳೆಯುತ್ತಿತ್ತು. ಅದನ್ನು ಮೂರನೆಯ ಕಿಂಡಿಗೆ ಒತ್ತಿದ. ಥರ್ಮೋಸ್ಟಾಟಿಗೆ ಬೆಳಕು ಬಂತು. 46 ಎಂದು ತೋರಿಸಿತು. ಕ್ಲಿಕ್. ನೆಲಮಾಳಿಗೆಯಲ್ಲಿ ಬಾಯ್ಲರ್ ಭುಗ್ ಅಂತ ಹೊತ್ತಿಕೊಂಡಿತು. ಒಂದು ನಿಮಿಷ... ಎರಡು ನಿಮಿಷ... ಟಿಂಕ್. ಆಮೇಲೆ ಟಿಂಕ್ ಟಿಂಕ್.

ಮೇಲಿನಿಂದ ಏನೂ ಕೇಳಲಿಲ್ಲ. ಕರ್ಟ್ ಮೆಟ್ಟಿಲ ಮೇಲೆ ಅರ್ಧದಲ್ಲೇ ನಿಂತುಬಿಟ್ಟ. ಹತ್ತಲು ಧೈರ್ಯ ಬರಲಿಲ್ಲ. ಪೈಪುಗಳು ಟಿಂಕ್ ಟಿಂಕ್ ಅನ್ನುತ್ತಲೇ ಇದ್ದವು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ... ಇನ್ನೊಂದು... ಆಮೇಲೆ ಸಿಟ್ಟಿನ, ತುಂಬು ಗಂಟಲಿನ ಅಳು. ಎಲ್ಸಿ ಅಳುತ್ತಿದ್ದಳು. ಅವನೂ ಅಲ್ಲೇ ಕೂತು ಅತ್ತ. ತನ್ನ ಜನ್ಮದಲ್ಲಿ ಅಷ್ಟು ಸುಖದ ಸದ್ದು ಕೇಳಿಲ್ಲ ಅಂತ ಇವತ್ತಿಗೂ ಹೇಳುತ್ತಾನೆ.

ಮಾರನೇ ದಿನ ಹೇಳಿದ ಹಾಗೆ ಫ್ರಾಂಕ್ ಬಂದ. ಸುದ್ದಿ ಕೇಳಿ ನಾನೂ ಹೋಗಿದ್ದೆ. ಮಗು ತೊಟ್ಟಿಲಲ್ಲಿ ಬೆಚ್ಚಗೆ ಮಲಗಿತ್ತು. ಫ್ರಾಂಕ್ ಕರ್ಟ್‌ಗೆ ಮಂಗಳಾರತಿ ಮಾಡಿದ.

"ಕೈ ಜೇಬಲ್ಲಿರಲಿ ಅಂದ್ರೆ ಕೇಳಿದ್ಯಾ? ಅಷ್ಟಕ್ಕೂ ಆ ಎರಡು ತಂತೀನ ಒಂದಕ್ಕೊಂದು ತಿರುಚಿದ್ರೆ ಬಾಯ್ಲರ್ ಹೊತ್ಕೋತಿತ್ತಲ್ಲೋ ದಡ್ಡ! ಅದಿರ್ಲಿ, ಈ ನೀಲಿ ತಂತಿ ಯಾರು ಎಳೆದ್ರು?"

ಕರ್ಟ್ ನನ್ನ ಮುಖ ನೋಡಿದ.

ಫ್ರಾಂಕ್ ನೆಲಮಾಳಿಗೆಗೆ ಇಳಿದ. ಬಾಯ್ಲರಿನ ಹತ್ತಿರ ಕೆಂಪು, ಬಿಳಿ, ಎರಡೇ. ಎರಡು ಸಲ ನೋಡಿದ. ಮೇಲೆ ಬಂದಾಗ ಮುಖದಲ್ಲಿ ತಮಾಷೆ ಇರಲಿಲ್ಲ. ನೀಲಿ ತಂತಿಯನ್ನು ಕಿಂಡಿಯಿಂದ ಬಿಡಿಸಿದ, ಥರ್ಮೋಸ್ಟಾಟ್ ಕಪ್ಪಾಯಿತು. ಸಿಕ್ಕಿಸಿದ, ಬೆಳಗಿತು. ಮತ್ತೆ ಬಿಡಿಸಿದ, ಮತ್ತೆ ಸಿಕ್ಕಿಸಿದ. ಆಮೇಲೆ ಅದರ ಇನ್ನೊಂದು ಕಡೆಯನ್ನು ತೂತಿನಿಂದ ಮೆಲ್ಲಗೆ ಎಳೆದ. ಎಳೆದಂತೆ ಬಂತು. ಒಂದು ಗೇಣು ಬಂತು... ತುದಿ ಬಂತು. ಮುಗಿಯಿತು. ಏನಕ್ಕೂ ಅಂಟಿಕೊಂಡಿರಲಿಲ್ಲ. ನಮ್ಮ ಮೂವರ ಕಣ್ಣೆದುರು ಆ ತುಂಡು ಗಾಳಿಯಲ್ಲಿ ನೇತಾಡುತ್ತಿತ್ತು. ಥರ್ಮೋಸ್ಟಾಟ್ 72 ಅಂತ ಬೆಳಗುತ್ತಲೇ ಇತ್ತು.

ಫ್ರಾಂಕ್ ಅದನ್ನು ಇದ್ದ ಹಾಗೆ ಒಳಗೆ ತಳ್ಳಿದ. ಸಾಮಾನಿನ ಚೀಲ ಮುಚ್ಚಿದ.

"ಹೊಸ ತಂತಿ?" ಅಂದ ಕರ್ಟ್.

"ನಾನು ಎಳೆಯಲ್ಲಪ್ಪ," ಅಂದ ಫ್ರಾಂಕ್ ಪಿಸುಗುಟ್ಟುತ್ತಾ. "ಇದನ್ನ ಮುಟ್ಟಲ್ಲ ನಾನು. ನೀನೂ ಮುಟ್ಟಬೇಡ."

ಅದಾಗಿ ಒಂದು ವರ್ಷ ಕಳೆಯಿತು. ಎಲ್ಸಿ ಗೋಡೆ ಹಿಡಿದು ನಡೆಯುತ್ತಾಳೆ. ಪೆನ್ಸಿಲಿನ ಬರಹ ಮಾಸಿತ್ತು, ಬ್ರೆಂಡಾ ಅದೇ ಅಕ್ಷರದ ಮೇಲೆ ಮತ್ತೆ ತಿದ್ದಿದ್ದಾಳೆ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ, ನಡೆದದ್ದಂತೂ ನಡೆದದ್ದೇ. ಅವತ್ತು ಫ್ರಾಂಕ್ ತಂತಿಯನ್ನು ಒಳಗೆ ತಳ್ಳುವ ಮೊದಲು ಆ ನೇತಾಡುವ ತುದಿಯನ್ನು ನಾನು ಎರಡು ಬೆರಳಲ್ಲಿ ಹಿಡಿದು ನೋಡಿದ್ದೆ. ಬೆಚ್ಚಗಿತ್ತು.