ಹದಿನಾರು ಪೌಂಡಿನ ಒಳಗೆ

"ಹಲೋ... ಹಲೋ? ಯಾರು ಮಾತಾಡ್ತಿರೋದು? ಆರ್ಲಿನ್ ಅವ್ರ ಕೋವಿ ಅಂಗಡಿ ಅಲ್ವಾ?"

...

"ಓ, ನೀವಾ ಡೋರೀನ್. ನಾನು ವೇಡ್, ರೋಲಂಡ್ ಹಾಲ್ವರ್ಸನ್ ಮಗ... ಹಾಂ, ಅವ್ನೇ, ಕೂಗಾಡೋನು. ಇಲ್ಲ, ಇವತ್ತು ಕೂಗಾಡಲ್ಲ, ಆಣೆಗೂ. ನಿಮ್ಮ ಯಜಮಾನ್ರನ್ನ ಸ್ವಲ್ಪ ಕರೀರಿ. ಲೇತ್ ನಿಲ್ಸಿ ಬರ್ಲಿ. ಊಟದ ಬಿಡುವು ಇರೋದೇ ಅರ್ಧ ಗಂಟೆ ನಂಗೆ."

...

ವೇಡ್ ತನ್ನ ಪಿಕಪ್ ಗಾಡಿಯ ಹಿಂಬದಿಗೆ ಹತ್ತಿ ನಿಂತಿದ್ದ. ಮರದ ಮಿಲ್ಲಿನ ಮೇಲಿರುವ ಈ ತಿರುವಿನಲ್ಲಿ ಮಾತ್ರ ಫೋನಿಗೆ ಒಂದಿಷ್ಟು ಜೀವ. ಹತ್ತು ಹೆಜ್ಜೆ ಆಚೆ ಹೋದರೆ ಸಾಮನ್ ನದಿಯ ಕಣಿವೆ ಮಾತನ್ನೆಲ್ಲ ನುಂಗಿ ಕೂತುಬಿಡುತ್ತದೆ. ಅವನ ಎಡಗೈಯಲ್ಲಿ ಹಲಗೆ ಎಣಿಸುವ ರಟ್ಟಿನ ಚೀಟಿ ಇತ್ತು. ಅದರ ಬೆನ್ನಿಗೆ ಮೂರು ವಾರದಿಂದ ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು ಕಟ್ಟಿದ ಒಂದು ರೈಫಲ್ ಇತ್ತು.

"ಹಾಂ, ಆರ್ಲಿನ್! ಕೇಳಿ ಇಲ್ಲಿ. ನಾನು ಕಳಿಸಿದ ಪಟ್ಟಿ ನೋಡಿದ್ರಾ? ಮುನ್ನೂರ ಮೂವತ್ತೆಂಟರ ದೊಡ್ಡ ಮ್ಯಾಗ್ನಮ್ ತೋಟಾದ್ದು. ಇಪ್ಪತ್ತೆಂಟು ಅಂಗುಲದ ದಪ್ಪ ನಳಿಗೆ... ಇಲ್ಲ ಇಲ್ಲ, ನಳಿಗೆಗೆ ಎಂಟು ತಿಂಗಳು ಕಾಯ್ಬೇಕಾಗಿಲ್ಲ. ಬಾಯ್ಸಿಯಲ್ಲಿ ಒಬ್ಬ ತನಗೇ ಅಂತ ತರಿಸ್ಕೊಂಡಿದ್ದು, ಕಟ್ಟಿಸ್ದೆ ಕೈಬಿಟ್ಟಿದಾನೆ. ಹೊಸದು. ನಾನೇ ಹೋಗಿ ತರ್ತೀನಿ. ನೀವು ಕೊರೆದು, ಕೂರಿಸಿ, ಆಗಸ್ಟ್ ಕೊನೆ ಒಳಗೆ ಕೊಟ್ರೆ ಸಾಕು."

...

"ಹೇಳಿ ಮತ್ತೆ, ಆಗುತ್ತಾ ಇಲ್ವಾ?"

...

ಇಪ್ಪತ್ತಾರು ವರ್ಷ ಬಿಡದೆ ಅರ್ಜಿ ಹಾಕಿದ ಮೇಲೆ ಈ ಜೂನಿನಲ್ಲಿ ಲಾಟರಿಯಲ್ಲಿ ಅಪ್ಪ ರೋಲಂಡನ ಹೆಸರಿಗೆ ಬೆಟ್ಟದ ಟಗರು ಹೊಡೆಯುವ ಪರವಾನಗಿ, ಬೇಟೆಚೀಟಿ, ಎದ್ದಿತ್ತು. ಸುರುಳಿ ಕೊಂಬಿನ ಒಂದೇ ಒಂದು ಗಂಡು. ಹೊಡೆದರೆ ಜನ್ಮಕ್ಕೊಂದೇ ಸಲ. ಆದರೆ ಏಳು ವರ್ಷದ ಹಿಂದೆ ಕಾಡಿನಲ್ಲಿ ಉರುಳಿ ಬಂದ ದಿಮ್ಮಿಯೊಂದು ರೋಲಂಡನ ಸೊಂಟವನ್ನೂ ಬಲಭುಜವನ್ನೂ ಜಜ್ಜಿ ಹೋಗಿತ್ತು. ಭುಜದೊಳಗೆ ಉಕ್ಕಿನ ಪಟ್ಟಿ, ಕೈಯಲ್ಲಿ ಊರುಗೋಲು. ಆ ವಾರವೇ ಹತ್ತನೆಯ ತರಗತಿಗೆ ಸಲಾಮು ಹೊಡೆದು ಮಿಲ್ಲು ಸೇರಿದವನು ವೇಡ್. ಟಗರುಗಳಿರುವುದು ಕಣಿವೆಯ ಆ ಬದಿಯ ಕಡಿದಾದ ಬಂಡೆಗಳಲ್ಲಿ. ಅಪ್ಪ ಹತ್ತಲಾರ. ಗಾಡಿರಸ್ತೆ ಮುಗಿಯುವಲ್ಲಿ ಅವನನ್ನು ಬೋರಲು ಮಲಗಿಸಬಹುದು; ಆಮೇಲೆ ನಡುವೆ ಉಳಿಯುವುದು ಒಂಬೈನೂರು ಗಜ ಬರೀ ಗಾಳಿ. ಆ ಗಾಳಿಯನ್ನು ದಾಟಿದ ಮೇಲೂ ಕೊಲ್ಲುವಷ್ಟು ಕಸುವು ಉಳಿಯುವ ತೋಟಾ ಬೇಕು. ಅಷ್ಟು ದೊಡ್ಡ ತೋಟಾ ಆ ಭುಜಕ್ಕೆ ಒದೆಯಬಾರದು ಅಂದರೆ ರೈಫಲ್ ಕಬ್ಬಿಣದ ಹಾಗೆ ಭಾರವಿರಬೇಕು. ವೇಡ್ ಹಾಕಿದ ಲೆಕ್ಕ ಇಷ್ಟೇ, ಈ ಲೆಕ್ಕಕ್ಕೆ ಶಾಲೆ ಬೇಕಿರಲಿಲ್ಲ.

"ತೂಕನಾ? ಹಾಕಿದೀನಲ್ಲ. ಹದಿನೈದೂವರೆ. ಹದಿನಾರು ಪೌಂಡ್ ದಾಟಿದ್ರೆ ಬೇಟೆಗೆ ಒಯ್ಯೋ ಹಾಗಿಲ್ಲ ಅಂತ ಐಡಾಹೋದಲ್ಲಿ ಮಗೂಗೂ ಗೊತ್ತು. ಅದಕ್ಕೇ ಅರ್ಧ ಪೌಂಡು ಒಳಗೇ ಇಟ್ಟಿದೀನಿ. ಹೇಗಿದೆ?"

...

"ಹಾಂ?"

...

"ಇಲ್ಲ, ಸ್ಕೋಪ್ ಸೇರಿಸಿಲ್ಲ. ಸ್ಕೋಪ್ ಬೇರೆ, ರೈಫಲ್ ಬೇರೆ ಅಲ್ವಾ? ... ಅಲ್ವಾ? ... ಏನಂದ್ರಿ, ಎಲ್ಲಾ ಸೇರಿನಾ? ಹೆಗಲಿಗೆ ಹಾಕೋ ಪಟ್ಟಿನೂ? ನಳಿಗೆ ಕೆಳಗೆ ಊರೋ ಎರಡು ಕಾಲೂನಾ?"

...

ಅವನು ಚೀಟಿಯನ್ನು ಕಣ್ಣ ಹತ್ತಿರ ಹಿಡಿದ. ಅಲ್ಲಿ ಬರೆದದ್ದು ಬದಲಾಗಿರಲಿಲ್ಲ. ಸ್ಕೋಪು, ಅದನ್ನು ಹಿಡಿಯುವ ಬಳೆಗಳು, ಮಡಿಸುವ ಕಾಲು, ತೊಗಲಿನ ಪಟ್ಟಿ. ಮನಸ್ಸಿನಲ್ಲೇ ಕೂಡಿದ. ಹತ್ತೊಂಬತ್ತರ ಮೇಲೆ ಹೋಯಿತು. ಹಲಗೆ ಎಣಿಕೆಯಲ್ಲಿ ಈವರೆಗೆ ಒಂದೂ ತಪ್ಪು ಮಾಡದವನು.

"ಆ ಕಾನೂನು ಬರೆದೋನ ಭುಜದ ಮೇಲೆ ದಿಮ್ಮಿ ಬಿದ್ದಿದ್ಯಾ ಆರ್ಲಿನ್? ಹತ್ತೋಕೆ ಕಾಲು ಇರೋನಿಗೆ ಹಗುರದ ಕೋವಿ ಸಾಕಪ್ಪಾ. ಕಾಲಿಲ್ಲದೋನು ಏನ್ ಮಾಡ್ಬೇಕು? ಮನೇಲಿ ಕೂತು ಗೋಡೆ ಮೇಲಿನ ಕೊಂಬು ನೋಡ್ಬೇಕಾ? ... ಕೂಗ್ತಿಲ್ಲ. ಇದು ನನ್ನ ಗಂಟಲೇ ಹೀಗೆ."

...

"ಸರಿ. ಸರಿ, ತೂಕ ಕೆರೆಯೋಣ. ಎರಡು ಕಾಲು ಬೇಡ, ಮರಳು ಚೀಲ ಇಡ್ತೀನಿ. ಹೋಯ್ತಾ ಒಂದು ಪೌಂಡು? ಪಟ್ಟಿ ಬೇಡ, ನಾನೇ ಹೊರ್ತೀನಿ. ಸ್ಕೋಪ್ ಸಣ್ಣದು ಹಾಕೋಣ. ನಳಿಗೆಗೆ ಉದ್ದಕ್ಕೂ ಗೀರು ಕೊರೀರಿ... ಎಷ್ಟು ಇಳಿಯುತ್ತೆ? ... ಅಷ್ಟೇನಾ? ... ನಳಿಗೇನೇ ತೆಳ್ಳಗೆ ಮಾಡಿದ್ರೆ?"

...

"ಗೊತ್ತು ಒದೆಯುತ್ತೆ ಅಂತ! ನಳಿಗೆ ಮೂತಿಗೆ ಒದೆತ ತಗ್ಗಿಸೋ ಬ್ರೇಕ್ ಹಾಕಿದ್ರೂ ಒದೆಯುತ್ತಾ? ... ಅವ್ನ ಭುಜಕ್ಕೆ, ನೀವು ಹೇಳಿ, ಹದಿನಾರರ ಒಳಗೆ ಆ ತೋಟಾ... ಒಂದು ಗುಂಡು. ಒಂದೇ ಗುಂಡು ಸಾಕು ನಮ್ಗೆ. ಅಭ್ಯಾಸನೂ ಬೇಡ."

...

"ಚಿಕ್ಕ ತೋಟಾ ಅಂದ್ರೆ ಯಾವ್ದು? ... ಅದು ಒಂಬೈನೂರು ಗಜದಲ್ಲಿ ಸೊಳ್ಳೆ ಕಡಿದ ಹಾಗೆ ತಾಗುತ್ತೆ. ಟಗರು ಗಾಯ ಮಾಡ್ಕೊಂಡು ಬಂಡೆ ಸಂದಿಗೆ ಹೋಗಿ ಸಾಯುತ್ತೆ, ಹದ್ದು ತಿನ್ನುತ್ತೆ. ಅಪ್ಪ ಅಂಥಾ ಗುಂಡು ಜನ್ಮದಲ್ಲಿ ಹಾರಿಸಿಲ್ಲ, ಹಾರ್ಸೋದೂ ಇಲ್ಲ. ನಿಮ್ಗೆ ಗೊತ್ತಿಲ್ವಾ ಅವ್ನ ವಿಷ್ಯ?"

...

ಭಾರ ಇಟ್ಟರೆ ಕಾನೂನು ಹಿಡಿಯುತ್ತದೆ, ಹಗುರ ಮಾಡಿದರೆ ಭುಜ ಮುರಿಯುತ್ತದೆ, ತೋಟಾ ಕಿರಿದಾದರೆ ಟಗರು ನರಳುತ್ತದೆ. ಯಾವ ಕಡೆ ತಿರುಗಿದರೂ ಗೋಡೆ. ವೇಡ್ ಗಾಡಿಯ ತಗಡಿಗೆ ಬೂಟಿನಿಂದ ಒಂದು ಒದೆ ಕೊಟ್ಟ. ತಗಡು ಗುಂಯ್ ಅಂದಿತು, ಕಾಲ್ಬೆರಳು ನೊಂದಿತು.

"ಅದೇನಿಲ್ಲ, ಗಾಡಿ ಸದ್ದು. ಹೇಳಿ... ಅಪ್ಪಂಗಾ? ಇಲ್ಲ, ಹೇಳಿಲ್ಲ. ರೈಫಲ್ ಕೈಗೆ ಬಂದ ಮೇಲೆ ಅವ್ನ ಮಂಚದ ಮೇಲೆ ಇಡೋಣ ಅಂತ. ಯಾಕೆ?"

...

"ಯಾಕೆ ಕೇಳಿದ್ರಿ ಆರ್ಲಿನ್?"

...

"ಯಾವತ್ತು? ... ಮಂಗಳವಾರನಾ? ಮಂಗಳವಾರ ಮೂಳೆ ಡಾಕ್ಟ್ರ ಹತ್ರ ಹೋಗಿದ್ದೆ ಅಂದ ನಂಗೆ. ನಿಮ್ಮಲ್ಲಿಗೆ ಬಂದಿದ್ನಾ? ಒಬ್ನೇ ಗಾಡಿ ಓಡಿಸ್ಕೊಂಡು?"

...

"ನಿಮ್ಮ ಸ್ವಂತ ರೈಫಲ್ ಕೊಟ್ರಾ? ಆ ದೊಡ್ಡದು? ... ಹಿತ್ತಲಲ್ಲಿ, ಮೇಜಿನ ಮೇಲೆ ಇಟ್ಕೊಂಡು... ಎಡಭುಜಕ್ಕಾ, ಬಲಕ್ಕಾ? ... ಬಲಕ್ಕೇನಾ! ಹುಚ್ಚಾ ಅವ್ನಿಗೆ! ನೀವಾದ್ರೂ ಬೇಡ ಅನ್ಬಾರ್ದಾ?"

...

"ಹೂಂ. ಹಠಮಾರಿ. ಗೊತ್ತು. ನಂಗೆ ಎಲ್ಲಿಂದ ಬಂತು ಅಂದ್ಕೊಂಡಿದೀರಿ... ಎಲ್ಲಿಗೆ ಬಿತ್ತು ಗುಂಡು?"

...

"ಗುರಿಯ ಮಧ್ಯಕ್ಕಾ?"

...

"ನೋಡಿ! ನೋಡಿ ಮತ್ತೆ! ನಾನು ಹೇಳ್ಲಿಲ್ವಾ? ಏಳು ವರ್ಷ ಕೋವಿ ಮುಟ್ಟದೋನು, ಮೊದಲ ಗುಂಡೇ ಮಧ್ಯಕ್ಕೆ ಹಾಕ್ತಾನೆ ಅಂದ್ರೆ... ಎರಡ್ನೇದು?"

...

"ಎರಡ್ನೇದು ಎಲ್ಲಿ ಬಿತ್ತು ಆರ್ಲಿನ್?"

...

ಆ ಕಡೆಯ ದನಿ ಬಹಳ ಹೊತ್ತು ಮಾತಾಡಿತು. ವೇಡ್ ಮೊದಲು ನಿಂತೇ ಕೇಳಿದ, ಆಮೇಲೆ ಕೂತ. ಗಾಡಿಯ ಅಂಚಿನಿಂದ ಅವನ ಕಾಲುಗಳು ಜೋತು ಬಿದ್ದವು. ರಟ್ಟಿನ ಚೀಟಿ ಯಾವಾಗ ಕೈಬಿಟ್ಟಿತೋ, ಅವನು ನೋಡಲಿಲ್ಲ.

"ಎರಡ್ನೇದು ಹಾರಿಸೋಕೇ ಆಗ್ಲಿಲ್ವಾ... ಕೈ ಎತ್ತಿ ಜಾಕೆಟ್ ಹಾಕ್ಕೊಳ್ಳೋಕೂ ಆಗ್ಲಿಲ್ವಾ... ಡೋರೀನ್ ಗುಂಡಿ ಹಾಕಿದ್ರಾ? ... ಅಷ್ಟು ಹೊತ್ತು ಗಾಡೀಲಿ ಕೂತಿದ್ನಾ, ಸ್ಟಾರ್ಟೂ ಮಾಡ್ದೆ?"

...

"ಆಮೇಲೆ?"

...

"ಏನು ಕೊಟ್ಟುಬಿಟ್ಟ? ... ಯಾರಿಗೆ? ... ಬೇಟೆಚೀಟಿನಾ? ಇಲ್ಲ. ಸುಳ್ಳು. ಆರ್ಲಿನ್, ಸುಳ್ಳು ಹೇಳ್ಬೇಡಿ. ಇಪ್ಪತ್ತಾರು ವರ್ಷ ಕಾದಿದ್ದು ಯಾರಾದ್ರೂ ಕಿಟಕೀಲಿ ಕೈಹಾಕಿ ವಾಪಸ್ ಕೊಡ್ತಾರಾ? ... ನಿಮ್ಮ ಕಣ್ಣಾರೆ ನೋಡಿದ್ರಾ? ... ಬೇಟೆ ಇಲಾಖೆ ತನಕ ನೀವೇ ಕರ್ಕೊಂಡು ಹೋದ್ರಾ! ಅಲ್ಲಾ, ನೀವು, ನೀವು ಅವ್ನ ಗೆಳೆಯ ಅಂತ ಅನ್ನಿಸ್ಕೊಂಡೋರು..."

...

"ನಂಗ್ಯಾಕೆ ಹೇಳ್ಲಿಲ್ಲ?"

...

"ಹೇಳಿದ್ರೆ ಮಗ ತನ್ನನ್ನ ಹೊತ್ಕೊಂಡಾದ್ರೂ ಹೋಗ್ತಾನೆ ಅಂದ್ನಾ? ಹೂಂ, ಹೊತ್ಕೊಂಡು ಹೋಗ್ತಿದ್ದೆ! ಬೆನ್ನಿಗೆ ಕಟ್ಕೊಂಡು ಆ ಬಂಡೆ ಹತ್ತುತಿದ್ದೆ! ಅದ್ರಲ್ಲಿ ಅವ್ನಿಗೆ ನಾಚ್ಕೆ ಏನು? ಚಿಕ್ಕವನಿದ್ದಾಗ ನನ್ನನ್ನ ಅವ್ನು ಹೊರ್ಲಿಲ್ವಾ?"

...

ಕೂಗು ಕಣಿವೆಗೆ ಬಿದ್ದು ಎದುರಿನ ಬೆಟ್ಟಕ್ಕೆ ಬಡಿದು ಸಣ್ಣದಾಗಿ ವಾಪಸ್ಸು ಬಂತು. ಕೆಳಗೆ ಮಿಲ್ಲಿನ ಅಂಗಳದಲ್ಲಿ ಬ್ರೆಡ್ಡು ತಿನ್ನುತ್ತಿದ್ದ ಇಬ್ಬರು ತಲೆಯೆತ್ತಿ ನೋಡಿದರು. ವೇಡ್ ಮುಂಗೈಯಿಂದ ಮೂಗು ಒರೆಸಿಕೊಂಡ.

"ತಡೀರಿ, ತಡೀರಿ. ಮಂಗಳವಾರ ಕೊಟ್ಟ ಅಂದ್ರಿ. ಇವತ್ತು ಶುಕ್ರವಾರ. ನಿನ್ನೆ ಸಂಜೆ ಎಲ್ಕ್ ಜಿಂಕೆ ಮಾಂಸ ಬೇಯಿಸ್ಕೊಂಡು ತಿಂದು, ಅವ್ನೇ ನಕ್ಷೆ ತಂದು ಮೇಜಿನ ಮೇಲೆ ಹಾಸ್ದ. ಅವ್ನೇ. ಬೆರಳಿಟ್ಟು ತೋರಿಸ್ದ. ಇಲ್ಲಿ ಮಲಗ್ತೀನಿ, ಬೆಳಗ್ಗೆ ಗಾಳಿ ಈ ಕಡೆಯಿಂದ ಬರುತ್ತೆ, ಒಂಬತ್ತರ ಮೇಲೆ ತಿರುಗುತ್ತೆ, ಅಷ್ಟರೊಳಗೆ ಮುಗಿಸ್ಬೇಕು ಅಂದ. ನನ್ನ ಕೈಲಿ ಬರೆಸ್ದ ಆರ್ಲಿನ್. ಗಾಳಿ ಲೆಕ್ಕನೆಲ್ಲ ಬರೆಸ್ದ!"

...

"ನಂಗೋಸ್ಕರನಾ?"

...

"ಅವ್ನು ಹಾಗಂದ್ನಾ? ... ನನ್ನ ಮುಖದಲ್ಲಿ ಏಳು ವರ್ಷದಲ್ಲಿ ಮೊದಲ್ನೇ ಸಲ ನಗು... ಬೇಡ, ಬೇಡ, ಅದನ್ನ ಮತ್ತೆ ಹೇಳ್ಬೇಡಿ. ಕೇಳಿಸ್ತು ನಂಗೆ."

...

"ಎಷ್ಟು ದಿನ ಹೀಗೆ? ಆಗಸ್ಟ್ ತನಕನಾ? ಬೆಳಗ್ಗೆ ಎದ್ದು ಬೇಟೆಗೆ ಹೊರಡೋ ದಿನ ಏನ್ ಹೇಳ್ತಾನಂತೆ? ... ಅದನ್ನೂ ಯೋಚ್ನೆ ಮಾಡಿಲ್ವಾ. ಅಪ್ಪನೂ ಮಗನೂ ಒಂದೇ ತಲೆ."

...

"ರೈಫಲ್ ಬಿಡಿ. ಬಾಯ್ಸಿಯೋನಿಗೆ ಬೇಡ ಅಂತ ನಾನೇ ಹೇಳ್ತೀನಿ. ಅದಲ್ಲ ನಾನು ಕೇಳ್ತಿರೋದು. ಇವತ್ತು ಸಂಜೆ ಮತ್ತೆ ನಕ್ಷೆ ಹಾಸ್ತಾನೆ. ಗ್ಯಾರಂಟಿ. ಬಾ ಕೂತ್ಕೋ, ಇವತ್ತು ವಾಪಸ್ ಬರೋ ದಾರಿ ನೋಡೋಣ ಅಂತಾನೆ. ಕೊಂಬು ಎಲ್ಲಿ ತೂಗುಹಾಕೋದು ಅಂತಾನೆ. ನಾನೇನ್ ಮಾಡ್ಲಿ? ಗೊತ್ತು ಅಂತ ಹೇಳ್ಲಾ? ಇಲ್ಲಾ ಗೊತ್ತಿಲ್ದೋನ ಥರ ಪೆನ್ಸಿಲ್ ತಗೊಂಡು ಎದುರಿಗೆ ಕೂತ್ಕೊಳ್ಲಾ?"

...

"ಏನು? ಕೇಳಿಸ್ತಿಲ್ಲ. ನಿಮ್ಮ ದನಿ ಕಡಿದು ಕಡಿದು ಬರ್ತಿದೆ... ತಡೀರಿ, ಮೇಲೆ ಹತ್ತುತೀನಿ... ಹಾಂ, ಈಗ ಹೇಳಿ. ಕೂತ್ಕೊಳ್ಲಾ ಬೇಡ್ವಾ? ಒಂದೇ ಮಾತಲ್ಲಿ ಹೇಳಿಬಿಡಿ ಆರ್ಲಿನ್, ನಿಮ್ಗೆ ಅವ್ನು ನಲವತ್ತು ವರ್ಷದಿಂದ ಗೊತ್ತು. ಕೂತ್ಕೊಳ್ಲಾ—"

...

"ಹಲೋ? ... ಆರ್ಲಿನ್? ... ಹಲೋ?"

ಗಾಡಿಯ ತಲೆಯ ಮೇಲೆ ನಿಂತು ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದೇ ಇದ್ದ. ಲೈನು ಕಡಿದುಹೋಗಿತ್ತು.